ಮೊದಲು ಊಹಿಸಲಿ, ಆಮೇಲೆ ಮೀಟರ್ ಹಿಡಿಯಲಿ

ಪಾಲಿಟೆಕ್ನಿಕ್ಕಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲೇ ತಲೆ ನರೆತವನು ನಾನು. ನಮ್ಮ ಹುಡುಗರಿಗೆ ಅಳೆಯಲು ಬರುತ್ತದೆ, ಊಹಿಸಲು ಭಯ. ಸಿಂಗಲ್ ಫೇಸ್ ಮೋಟರ್ ಗುಂಯ್ಗುಡುತ್ತಿದೆ, ತಿರುಗುತ್ತಿಲ್ಲ. ಏನಾಗಿರಬಹುದು ಎಂದರೆ ಇಡೀ ಬ್ಯಾಚು ತಲೆ ತಗ್ಗಿಸುತ್ತದೆ. ಅದೇ ಪೇಟೆಯ ರೀವೈಂಡಿಂಗ್ ಅಂಗಡಿಯವನಿಗೆ ಸದ್ದು ಕಿವಿಗೆ ಬಿದ್ದರೆ ಸಾಕು: ‘ಕೆಪಾಸಿಟರ್ ಹೋಗಿರ್ಬೇಕು, ಇಲ್ಲಾಂದ್ರೆ ಬೇರಿಂಗ್ ಹಿಡ್ಕೊಂಡಿದೆ.’ ಕರೆಂಟ್ ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಾನೆ. ಬಿಗಿಯಾಗಿದ್ದರೆ ಬೇರಿಂಗ್ ಬಿಚ್ಚುತ್ತಾನೆ, ಸಲೀಸಾಗಿದ್ದರೆ ಕೆಪಾಸಿಟರ್ ಬದಲಿಸಿ ನೋಡುತ್ತಾನೆ. ಅದಕ್ಕೂ ಜಗ್ಗದಿದ್ದರೆ ಸ್ಟಾರ್ಟಿಂಗ್ ವೈಂಡಿಂಗ್. ಮನಸ್ಸಿನಲ್ಲಿ ಒಂದು ಅನುಮಾನವೇ ಇಲ್ಲದವನು ಮೀಟರನ್ನು ಎಲ್ಲಿಗೆ ಹಚ್ಚಿಯಾನು?

ಇದು ಮೆಕ್ಯಾನಿಕ್ಕಿನ ಬುದ್ಧಿ, ವಿಜ್ಞಾನವಲ್ಲ ಎನ್ನುವ ಸಹೋದ್ಯೋಗಿಗಳಿದ್ದರು. ಅವರಿಗೆ ನಾನು ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಲವೆರಿಯೆಯ ಕಥೆ ಹೇಳುತ್ತಿದ್ದೆ. 1781ರಲ್ಲಿ ಹರ್ಷೆಲ್ ಪತ್ತೆಹಚ್ಚಿದ ಯುರೇನಸ್, ಲೆಕ್ಕ ಹೇಳಿದ ದಾರಿಯಲ್ಲಿ ಸಾಗುತ್ತಿರಲಿಲ್ಲ. ಆಚೆಯಿಂದ ಇನ್ನೊಂದು ಗ್ರಹ ಎಳೆಯುತ್ತಿರಬಹುದೆಂದು ಊಹಿಸಿದ ಲವೆರಿಯೆ, ಅದು ಎಲ್ಲಿರಬೇಕೆಂದು ಲೆಕ್ಕ ಮಾಡಿ ಬರ್ಲಿನ್‌ಗೆ ಬರೆದ. 1846ರ ಸೆಪ್ಟೆಂಬರ್ 23ರಂದು ಕಾಗದ ತಲುಪಿದ ರಾತ್ರಿಯೇ ಅಲ್ಲಿನ ಖಗೋಳಶಾಸ್ತ್ರಜ್ಞ ಗಾಲೆ ದೂರದರ್ಶಕ ತಿರುಗಿಸಿದ. ಹೇಳಿದ ಜಾಗಕ್ಕೆ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು.

ಮಕ್ಕಳಿಗೆ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ನನಗೆ ಅದರ ಮುಂದಿನ ಭಾಗವೇ ಇಷ್ಟ. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು ಲೆಕ್ಕಕ್ಕಿಂತ ತುಸು ಬೇಗ ಸರಿಯುತ್ತಿತ್ತು. 1859ರಲ್ಲಿ ಅದೇ ಲವೆರಿಯೆ ಅದೇ ತರ್ಕವನ್ನೇ ಹೂಡಿದ: ಸೂರ್ಯನ ಮಗ್ಗುಲಲ್ಲಿ ಕಾಣದ ಏನೋ ಒಂದು ಎಳೆಯುತ್ತಿದೆ. ಹಳ್ಳಿಯ ಡಾಕ್ಟರೊಬ್ಬ ಅದನ್ನು ಕಂಡೇ ಬಿಟ್ಟೆನೆಂದ. ವಲ್ಕನ್ ಎಂಬ ನಾಮಕರಣವೂ ಆಯಿತು. ಗ್ರಹಣ ಬಂದಾಗಲೆಲ್ಲ ಹುಡುಕಿದರು, ಇರಲಿಲ್ಲ. ಕೊನೆಗೆ 1915ರಲ್ಲಿ ಐನ್‌ಸ್ಟೈನ್ ತನ್ನ ಹೊಸ ಗುರುತ್ವ ಸಿದ್ಧಾಂತ ಹಿಡಿದು ಲೆಕ್ಕ ಹಾಕಿದಾಗ, ಶತಮಾನಕ್ಕೆ 43 ಆರ್ಕ್‌ಸೆಕೆಂಡುಗಳ ಆ ವ್ಯತ್ಯಾಸ ಯಾವ ಗ್ರಹದ ಹಂಗೂ ಇಲ್ಲದೆ ಸರಿಹೋಯಿತು. ಕೊರತೆ ಇದ್ದದ್ದು ಆಕಾಶದಲ್ಲಲ್ಲ, ನ್ಯೂಟನ್ನನ ನಿಯಮದಲ್ಲಿ.

ಹಾಗೆಂದು ವಲ್ಕನ್ನನ್ನು ದಡ್ಡತನವೆನ್ನಲಾರೆ. ಎಲ್ಲಿ ನೋಡಬೇಕೆಂದು ಅದು ಹೇಳಿತ್ತು. ಅದಕ್ಕೇ ಇಲ್ಲವೆಂದು ಗೊತ್ತುಮಾಡಿಕೊಳ್ಳಲು ಆಯಿತು. ಅಪಘಾತವಾದ ಗಂಟೆಯೊಳಗೆ ಟಿವಿಯಲ್ಲಿ ಕುಳಿತು ಕಾರಣ ಹೇಳುವವರ ಮಾತಿಗೆ ಆ ಗುಣವಿಲ್ಲ. ಅದು ಸುಳ್ಳಾದರೆ ಯಾರೂ ವಾಪಸು ಬಂದು ಕೇಳುವುದಿಲ್ಲ. ತನಿಖೆ ಮುಗಿಯುವವರೆಗೆ ಊಹೆ ಬೇಡ ಎಂದು ಅಧಿಕಾರಿಗಳು ಪತ್ರಕರ್ತರಿಗೆ ಹೇಳಲಿ, ಸರಿಯೇ. ತನಿಖೆ ಮಾಡುವವರೇ ಊಹಿಸದಿದ್ದರೆ ಯಾವ ಬೋಲ್ಟನ್ನು ಲ್ಯಾಬಿಗೆ ಕಳಿಸುತ್ತಾರೆ?

ನನ್ನ ಬೇಡಿಕೆ ಸಣ್ಣದು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ರೀಡಿಂಗಿನ ಪಕ್ಕಕ್ಕೆ ಇನ್ನೊಂದು ಕಾಲಂ ಇರಲಿ. ಸ್ವಿಚ್ ಹಾಕುವ ಮೊದಲೇ ಹುಡುಗ ತನ್ನ ಅಂದಾಜನ್ನು ಪೆನ್ನಿನಲ್ಲಿ ಬರೆಯಲಿ, ಮೇಷ್ಟ್ರು ಸಹಿ ಹಾಕಲಿ, ತಪ್ಪಾದರೆ ಅಂಕ ಕತ್ತರಿಸಬಾರದು. ಈಗ ಉತ್ತರ ಮೊದಲು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ರೀಡಿಂಗ್ ಬರೆಯುವ ಪದ್ಧತಿ ಎಷ್ಟು ಹಳೆಯದೆಂಬುದು ಎಲ್ಲ ಲ್ಯಾಬ್ ಅಟೆಂಡರುಗಳಿಗೂ ಗೊತ್ತು. ಅಂದಾಜನ್ನೂ ನಕಲು ಹೊಡೆಯುತ್ತಾರೆ ಎನ್ನುತ್ತೀರಾ? ಹೊಡೆಯಲಿ. ಇಡೀ ಬ್ಯಾಚಿನ ಒಂದೇ ಸರಿ ರೀಡಿಂಗಿಗಿಂತ ಇಡೀ ಬ್ಯಾಚಿನ ಒಂದೇ ತಪ್ಪು ಅಂದಾಜನ್ನು ಮುಂದಿಟ್ಟುಕೊಂಡು ವೈವಾ ಕೇಳುವುದು ಹೆಚ್ಚು ಸ್ವಾರಸ್ಯ.