ಹತ್ತುವವರಿಲ್ಲವೆಂಬ ನೆಪ

ಮುಂಬಯಿಯ ಮೋನೋರೈಲಿನ ಮಾತೆತ್ತಿದರೆ ಸಾಕು, ‘ಜನ ಹತ್ತಲಿಲ್ಲ, ಯೋಜನೆ ಮಲಗಿತು’ ಎಂಬ ತೀರ್ಪು ಸಿದ್ಧವಾಗಿರುತ್ತದೆ. ಆಂಟಾಪ್ ಹಿಲ್‌ನ ಸರಕಾರಿ ವಸತಿಗಳಲ್ಲಿ ಬಾಳುವ ನಾವು ಈ ತೀರ್ಪನ್ನು ಒಪ್ಪುವುದಿಲ್ಲ. ಹತ್ತಲು ಗಾಡಿ ಇತ್ತೇ ಎಂಬುದು ಮೊದಲ ಪ್ರಶ್ನೆ.

2014ರ ಫೆಬ್ರುವರಿಯಲ್ಲಿ ಚೆಂಬೂರಿನಿಂದ ವಡಾಲಾ ಡಿಪೋವರೆಗಿನ ಮೊದಲ ಹಂತ ತೆರೆಯಿತು. ಏಳು ನಿಲ್ದಾಣಗಳಲ್ಲಿ ಒಂದರ ಹೆಸರು ರಸಗೊಬ್ಬರ ಕಾರ್ಖಾನೆಯ ವಸಾಹತಿನದು, ಇನ್ನೊಂದರದು ತೈಲ ಕಂಪನಿಯದು. ಮೈಸೂರ್ ಕಾಲನಿ ಎಂಬುದೂ ಒಂದಿದೆ. ಆ ಫಲಕ ಕಂಡೊಡನೆ ಕನ್ನಡಿಗರ ಕಣ್ಣರಳುವುದು ಸಹಜ, ಇಳಿಯಲು ಮಾತ್ರ ಹೆಚ್ಚಿನವರಿಗೆ ಕಾರಣವಿಲ್ಲ. ನೌಕರಿಗೆ ಹೋಗುವವರ ದಾರಿಯಾಗಬೇಕಿದ್ದ ಎರಡನೆಯ ಹಂತ, ಎಂದರೆ ನಮ್ಮ ಆಂಟಾಪ್ ಹಿಲ್ ದಾಟಿ ಲೋವರ್ ಪರೇಲ್ ಕಡೆಗೆ ಸಾಗುವ ಭಾಗ, ತೆರೆದದ್ದು 2019ರ ಮಾರ್ಚಿನಲ್ಲಿ. ನಡುವೆ 2017ರ ನವೆಂಬರಿನಲ್ಲಿ ಗಾಡಿಗೆ ಬೆಂಕಿ ಬಿದ್ದು ಹತ್ತು ತಿಂಗಳು ಸಂಚಾರವೇ ಇರಲಿಲ್ಲ. ಅರ್ಧ ಸೇತುವೆ ಕಟ್ಟಿ, ಹೊಳೆ ದಾಟುವವರೇ ಇಲ್ಲವೆಂದು ದೂರಿದ ಹಾಗಾಯಿತು.

ದಾರಿ ಪೂರ್ಣಗೊಂಡ ಮೇಲಾದರೂ ಏನಾಯಿತು? ಗಾಡಿಗಳು ಮಲೇಷ್ಯಾದ ಕಂಪನಿಯೊಂದರವು. ಗುತ್ತಿಗೆ ರದ್ದಾದ ಬಳಿಕ ಬಿಡಿಭಾಗಗಳಿಗೂ ಪರದಾಟ. ಓಡುವ ಗಾಡಿಗಳು ಬೆರಳೆಣಿಕೆಯಷ್ಟು. ಮೆಟ್ಟಿಲೇರಿ ನಿಂತವರು ಕಾಲು ಗಂಟೆಗೂ ಹೆಚ್ಚು ಕಾಯಬೇಕು. ಅಷ್ಟರಲ್ಲಿ ಕೆಳಗಿನ ಹಾರ್ಬರ್ ಮಾರ್ಗದಲ್ಲಿ ಲೋಕಲ್‌ಗಳು ಒಂದರ ಹಿಂದೊಂದು ಹೋಗಿರುತ್ತವೆ. ನಮ್ಮ ಕಚೇರಿಗಳ ಬೆರಳಚ್ಚಿನ ಯಂತ್ರಕ್ಕೆ ಮೋನೋರೈಲಿನ ಕಷ್ಟಸುಖ ತಿಳಿಯದು. ದಾದರ್ ಪೂರ್ವ ಎಂಬ ನಿಲ್ದಾಣದಲ್ಲಿ ಇಳಿದವರಿಗೆ ದಾದರ್ ರೈಲು ನಿಲ್ದಾಣ ಕಾಣುವುದೂ ಇಲ್ಲ. ಇಂಥ ಸೇವೆಯನ್ನು ಜನ ತೊರೆದರೆ ಅದು ಜನರ ವಿವೇಕ.

2025ರ ಆಗಸ್ಟ್ 19ರಂದು ಮಳೆಗೆ ಹಾರ್ಬರ್ ಮಾರ್ಗ ನಿಂತಾಗ ಜನ ಹತ್ತಿಯೇ ಹತ್ತಿದರು. ಮೈಸೂರ್ ಕಾಲನಿಯ ಬಳಿ ಗಾಡಿ ನಡುದಾರಿಯಲ್ಲಿ ನಿಂತಿತು. ಐನೂರಕ್ಕೂ ಹೆಚ್ಚು ಮಂದಿಯನ್ನು ಅಗ್ನಿಶಾಮಕ ದಳದವರು ಕೆಳಗಿಳಿಸಬೇಕಾಯಿತು. ಮಿತಿ 104 ಟನ್, ಅಂದಿನ ಭಾರ 109 ಟನ್ ಎಂಬ ವಿವರಣೆ ಬಂತು. ಹನ್ನೊಂದು ವರ್ಷ ಜನ ಬಾರದ್ದು ತಪ್ಪು, ಒಂದು ಸಂಜೆ ಬಂದದ್ದೂ ತಪ್ಪು! ಹತ್ತಿದವರನ್ನು ತೂಗುವ ಮುನ್ನ, ಅವರ ಹಿಂದೆ ಇನ್ನೊಂದು ಗಾಡಿ ಏಕೆ ಬರುತ್ತಿರಲಿಲ್ಲವೆಂದು ಯಾರೂ ಹೇಳಲಿಲ್ಲ.

ಅದೇ ಸೆಪ್ಟೆಂಬರ್ 20ರಿಂದ ಸಂಚಾರ ನಿಲ್ಲಿಸಿ ಹೊಸ ಗಾಡಿ, ಹೊಸ ಸಿಗ್ನಲ್‌ಗಳ ಭರವಸೆ ಕೊಟ್ಟಿದ್ದಾರೆ. ಬರಲಿ. ಆದರೆ ಹಸಿರು ಬಾವುಟದ ದಿನಾಂಕಕ್ಕಿಂತ ಮೊದಲು ವೇಳಾಪಟ್ಟಿ ಪ್ರಕಟವಾಗಲಿ: ಬೆಳಗಿನ ಎಂಟರಿಂದ ಹತ್ತರವರೆಗೆ ಎಷ್ಟು ನಿಮಿಷಕ್ಕೊಂದು ಗಾಡಿ, ಒಂದು ಕೆಟ್ಟರೆ ಬದಲಿಗೆ ಯಾವುದು, ದಾದರ್ ಪೂರ್ವದಿಂದ ರೈಲು ನಿಲ್ದಾಣಕ್ಕೆ ಬಸ್ಸು ಎಷ್ಟು ಹೊತ್ತಿಗೊಮ್ಮೆ. ಈ ಮೂರಕ್ಕೆ ಉತ್ತರ ಬರುವವರೆಗೆ ನಾವು ಲೋಕಲ್‌ನ ಬಾಗಿಲಲ್ಲಿ ಜೋತಾಡುತ್ತಲೇ ಹೋಗುತ್ತೇವೆ.