ಮುತ್ತು ಕಟ್ಟೋದು ಗುಲಾಮಗಿರಿ ಅಲ್ಲವೇ?

ಹಲಸೂರು, ಶಿವಾಜಿನಗರದ ಹಾಸ್ಟೆಲ್ ಗೆಳೆಯರೇ, ಸಂವಿಧಾನದ 23ನೇ ವಿಧಿ ಓದಿ. ಮನುಷ್ಯರ ಮಾರಾಟ, ಬಿಟ್ಟಿಚಾಕರಿ ನಿಷೇಧ. ದೇವದಾಸಿ ಪದ್ಧತಿಯ ಹೆಸರು ಮಾತ್ರ ಅಲ್ಲಿಲ್ಲ. ಯಾಕೆ?

1948ರ ಡಿಸೆಂಬರ್ 3ರಂದು ಸಂವಿಧಾನ ಸಭೆಯಲ್ಲಿ ಕೆ.ಟಿ. ಶಾ ಅದನ್ನೂ ಸೇರಿಸಿ ಎಂದರು. ಮದರಾಸಿನ ಟಿ.ಟಿ. ಕೃಷ್ಣಮಾಚಾರಿ, ನಮ್ಮಲ್ಲಿ ಕಾಯ್ದೆಯೇ ಆಗಿದೆ, ಬೇಡ ಎಂದರು. ಸಭೆ ಸೇರಿಸಲಿಲ್ಲ.

ಮದರಾಸಿಗೆ 1947ರ ಕಾಯ್ದೆ ಇತ್ತು, ನಿಜ. ಬೊಂಬಾಯಿಗೂ 1934ರದ್ದಿತ್ತು. ಆದರೂ ಸವದತ್ತಿ ಎಲ್ಲಮ್ಮನ ಹೆಸರಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟೋದು ನಿಂತಿತೇ? 1982ರಲ್ಲಿ ಕರ್ನಾಟಕ ಮತ್ತೆ ಕಾಯ್ದೆ ಮಾಡಬೇಕಾಯ್ತು.

ಒಂದು ಪ್ರಾಂತ್ಯದ ಕಾಯ್ದೆ ಎಲ್ಲರ ಬಿಡುಗಡೆಯಲ್ಲ. ಮುತ್ತೂ ಸಂಕೋಲೆಯೇ. ಹೆಸರಿಲ್ಲದಿದ್ದರೂ 23ನೇ ವಿಧಿ ನಮ್ಮ ಅಕ್ಕತಂಗಿಯರದ್ದೂ ಹೌದು. ರಜೆಗೆ ಊರಿಗೆ ಹೋದಾಗ ಕೇರಿಯಲ್ಲಿ ಇದನ್ನು ಓದಿ ಹೇಳೋಣ.