ಬೆಲ್‌ಗ್ರೇಡಿನ ಟಿವಿ ಕುರ್ಚಿ ಮತ್ತು ಅದರ ಹಿಂದಿನ ಕೈ

ಸರ್ಬಿಯಾದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಕುತ್ತು ಬಂದಿತೆಂದು ಹೊರಗಿನವರಿಗೆ ತಿಳಿಯುವುದು ಯಾರಾದರೂ ಪತ್ರಕರ್ತ ಸತ್ತಾಗ, ಇಲ್ಲವೇ ಯಾವುದಾದರೂ ಕೇಂದ್ರಕ್ಕೆ ಬೀಗ ಬಿದ್ದಾಗ. ಅಷ್ಟು ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಮೊದಲ ಸುಳಿವು ಸಿಗುವುದು ನೇಮಕಾತಿಯ ಕಡತದಲ್ಲಿ. ಅಲೆಕ್ಸಾಂದರ್ ತಿಯಾನಿಚ್ ಅವರ ಬದುಕನ್ನು ಈಗ ಮತ್ತೆ ನೋಡಬೇಕಿರುವುದು ಅದಕ್ಕಾಗಿಯೇ.

1949ರಲ್ಲಿ ಕೊಸೊವೊದ ಜಾಕೊವಿತ್ಸಾದಲ್ಲಿ ಹುಟ್ಟಿದ ತಿಯಾನಿಚ್ ಟಿಟೊ ಕಾಲದ ಯುಗೊಸ್ಲಾವಿಯಾದಲ್ಲಿ ಪತ್ರಿಕೆಗಳಿಗೆ ಬರೆಯುತ್ತ ಬೆಳೆದವರು. ಮಾತು ಹರಿತ, ಬರಹ ಇನ್ನೂ ಹರಿತ. ಆಮೇಲೆ ಟಿವಿಗೆ ಬಂದು ಪೊಲಿಟಿಕಾ ಟಿವಿ, ಕಾರಿಚ್ ಸಹೋದರರ ಬಿಕೆ ಟಿವಿಗಳಲ್ಲಿ ದೊಡ್ಡ ಹುದ್ದೆ ಹಿಡಿದರು. 1996ರಲ್ಲಿ ಸ್ಲೊಬೊದಾನ್ ಮಿಲೊಶೆವಿಚ್ ಆಳ್ವಿಕೆಯ ಸರ್ಕಾರದಲ್ಲಿ ವಾರ್ತಾ ಸಚಿವರಾದರು. ಅದೇ ನವೆಂಬರ್‌ನಲ್ಲಿ ಸ್ಥಳೀಯ ಚುನಾವಣೆಯಲ್ಲಿ ವಿರೋಧ ಪಕ್ಷ ಗೆದ್ದ ಊರುಗಳ ಫಲಿತಾಂಶವನ್ನು ಸರ್ಕಾರ ರದ್ದು ಮಾಡಿತು. ಜನ ಬೀದಿಗೆ ಬಂದರು. ಡಿಸೆಂಬರ್ ಆರಂಭದಲ್ಲಿ ಸ್ವತಂತ್ರ ಕೇಂದ್ರ ರೇಡಿಯೊ ಬಿ92ರ ಪ್ರಸಾರವನ್ನು ಸರ್ಕಾರ ನಿಲ್ಲಿಸಿತು. ಆ ಗದ್ದಲದ ದಿನಗಳಲ್ಲೇ ತಿಯಾನಿಚ್ ಸಚಿವಗಿರಿ ಬಿಟ್ಟರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅವರೊಬ್ಬ ಆತ್ಮಸಾಕ್ಷಿಯ ಮನುಷ್ಯ ಎಂದು ಬರೆದು ಸುಮ್ಮನಾಗಬಹುದಿತ್ತು. 1998ರ ಅಕ್ಟೋಬರ್‌ನಲ್ಲಿ ಅವರು ಗೆಳೆಯ, ಪತ್ರಕರ್ತ ಸ್ಲಾವ್ಕೊ ಚುರೂವಿಯಾ ಜೊತೆ ಸೇರಿ 'ಎವ್ರೊಪ್ಲ್ಯಾನಿನ್' ಪತ್ರಿಕೆಯಲ್ಲಿ ಮಿಲೊಶೆವಿಚ್‌ಗೆ ಬಹಿರಂಗ ಪತ್ರ ಬರೆದು, ದೇಶವನ್ನು ಇನ್ನೆಲ್ಲಿಗೆ ಒಯ್ಯುತ್ತೀರಿ ಎಂದು ನೇರವಾಗಿ ಕೇಳಿದರು. ಅದೇ ದಿನಗಳಲ್ಲಿ ಹೊಸ ಮಾಧ್ಯಮ ಕಾನೂನು ಜಾರಿಗೆ ಬಂತು. ವಿಚಾರಣೆ ಒಂದೇ ದಿನದಲ್ಲಿ ಮುಗಿದು ಪತ್ರಿಕೆಗೆ 24 ಲಕ್ಷ ದಿನಾರ್ ದಂಡ ಬಿತ್ತು. ಕಾನೂನು ತಂದಾಗ ವಾರ್ತಾ ಸಚಿವರಾಗಿದ್ದವರು ಇಪ್ಪತ್ತೆಂಟರ ತರುಣ ಅಲೆಕ್ಸಾಂದರ್ ವುಚಿಚ್. ಅವರೂ ಒಂದು ಕಾಲಕ್ಕೆ ಬೋಸ್ನಿಯಾದ ಪಾಲೆಯಲ್ಲಿ ಟಿವಿ ವರದಿಗಾರಿಕೆ ಮಾಡಿದವರು, 2017ರಲ್ಲಿ ರಾಷ್ಟ್ರಾಧ್ಯಕ್ಷರಾದರು.

ನ್ಯಾಟೊ ಬಾಂಬ್ ದಾಳಿ ಶುರುವಾದ ಮೇಲೆ, 1999ರ ಏಪ್ರಿಲ್‌ನಲ್ಲಿ, ಚುರೂವಿಯಾ ಬಾಂಬುಗಳನ್ನು ಸ್ವಾಗತಿಸಿದ ದೇಶದ್ರೋಹಿ ಎಂಬ ಲೇಖನವೊಂದು ಸರ್ಕಾರದ ಪರವಾದ ಪತ್ರಿಕೆಯಲ್ಲಿ ಬಂತು. ಸರ್ಕಾರಿ ವಾಹಿನಿ ಆರ್‌ಟಿಎಸ್ ಅದನ್ನು ಸುದ್ದಿಯಲ್ಲಿ ಓದಿತು. ಏಪ್ರಿಲ್ 11, ಆರ್ಥೊಡಾಕ್ಸ್ ಈಸ್ಟರ್. ಅಂದು ಮನೆಯ ಮುಂದೆಯೇ ಚುರೂವಿಯಾ ಅವರನ್ನು ಗುಂಡಿಕ್ಕಿ ಕೊಂದರು. ಗುಪ್ತಚರ ಇಲಾಖೆಯ ನಾಲ್ವರು ಮಾಜಿ ಸಿಬ್ಬಂದಿಗೆ ಶಿಕ್ಷೆಯಾದರೂ ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. ನಾಲ್ವರೂ ಖುಲಾಸೆಯಾದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಕೊಲೆಯಾಗಿ ಎರಡು ವಾರ ತುಂಬುವ ಮುನ್ನ ನ್ಯಾಟೊ ಬಾಂಬ್ ಆರ್‌ಟಿಎಸ್ ಕಟ್ಟಡದ ಮೇಲೆ ಬಿದ್ದು 16 ಮಂದಿ ನೌಕರರು ಸತ್ತರು. ಅವರನ್ನು ಮೊದಲೇ ಹೊರಗೆ ಕಳಿಸಲಿಲ್ಲವೆಂದು ನಿರ್ದೇಶಕರಿಗೆ ಆಮೇಲೆ ಜೈಲಾಯಿತು.

ಗೆಳೆಯನ ಮೇಲಿನ ಆ ಆರೋಪವನ್ನು ಓದಿದ ಅದೇ ಆರ್‌ಟಿಎಸ್‌ಗೆ 2004ರಲ್ಲಿ ತಿಯಾನಿಚ್ ಮುಖ್ಯಸ್ಥರಾಗಿ ಬಂದರು. ನಡುವೆ ಮಿಲೊಶೆವಿಚ್ ಬಿದ್ದಿದ್ದರು, ಕೊಶ್ತುನಿತ್ಸಾ ಅಧ್ಯಕ್ಷರಾಗಿ ಬಂದಿದ್ದರು, ಆ ಕೊಶ್ತುನಿತ್ಸಾಗೆ ತಿಯಾನಿಚ್ ಸಲಹೆಗಾರರಾಗಿದ್ದರು. ಕೊಶ್ತುನಿತ್ಸಾ ಪ್ರಧಾನಿಯಾದ ವರ್ಷವೇ ಸಲಹೆಗಾರನಿಗೆ ಟಿವಿಯ ಗಾದಿ ಸಿಕ್ಕಿತು. ಹಲವರು ಆಕ್ಷೇಪಿಸಿದರು. ತಿಯಾನಿಚ್ ಕದಲಲಿಲ್ಲ. 2013ರ ಅಕ್ಟೋಬರ್‌ನಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಅಷ್ಟರಲ್ಲಿ ಸರ್ಕಾರಗಳು ಬದಲಾದವು. ಅವರು ವಾಹಿನಿಯನ್ನು ಹಾಳುಗೆಡವಿದರು ಎನ್ನುವುದು ಅನ್ಯಾಯದ ಮಾತು. 1990ರ ದಶಕದ ಪ್ರಚಾರಕ್ಕಾಗಿ ಆರ್‌ಟಿಎಸ್ ಸಾರ್ವಜನಿಕವಾಗಿ ಕ್ಷಮೆ ಕೇಳಿದ್ದು 2011ರಲ್ಲಿ, ಅವರ ಅವಧಿಯಲ್ಲೇ. ಅವರಿಗೆ ಪ್ರತಿಭೆ ಇತ್ತು, ಎದೆಗಾರಿಕೆಯೂ ಇತ್ತು. ಆದರೂ ಅವರು ಕೂತ ದೊಡ್ಡ ಕುರ್ಚಿಗಳ ಹಿಂದೆ ಅಧಿಕಾರದಲ್ಲಿದ್ದವರ ಕೈ ಇತ್ತು. ಹಾಗಾಗಿ ಪತ್ರಕರ್ತ ಒಳ್ಳೆಯವನೇ ಎಂಬ ಪ್ರಶ್ನೆಗಿಂತ ಅವನನ್ನು ಕೂರಿಸಿದವರು ಯಾರು ಎಂಬ ಪ್ರಶ್ನೆ ಹೆಚ್ಚು ಉಪಯೋಗದ್ದು.

ಆ ಪ್ರಶ್ನೆಯನ್ನು ಈಗಲೇ ಕೇಳಬೇಕಾದ ಕಾರಣವಿದೆ. ಆರ್‌ಟಿಎಸ್‌ನ ನಿರ್ದೇಶಕರನ್ನು ಆರಿಸುವುದು ಅದರ ಆಡಳಿತ ಮಂಡಳಿ. ಆ ಮಂಡಳಿಯನ್ನು ನೇಮಿಸುವುದು ಆರ್‌ಇಎಂ ಎಂಬ ಪ್ರಸಾರ ನಿಯಂತ್ರಣ ಸಂಸ್ಥೆಯ ಒಂಬತ್ತು ಸದಸ್ಯರ ಪರಿಷತ್ತು. ಪರಿಷತ್ತನ್ನು ಆರಿಸುವುದು ಸಂಸತ್ತು. ಮೇಲಿನ ಕೊಂಡಿ ಹಿಡಿದವರಿಗೆ ಕೆಳಗಿನದು ತಾನಾಗಿ ಸಿಗುತ್ತದೆ, ಯಾವ ನಿಷೇಧದ ಆದೇಶವೂ ಬೇಕಿಲ್ಲ. 2022ರಲ್ಲಿ ಇದೇ ಸಂಸ್ಥೆ ರಾಷ್ಟ್ರೀಯ ಪ್ರಸಾರದ ನಾಲ್ಕು ಪರವಾನಗಿಗಳನ್ನು ಪಿಂಕ್, ಹ್ಯಾಪಿ, ಪ್ರ್ವಾ, ಬಿ92 ಎಂಬ ಹಳೆಯ ನಾಲ್ವರಿಗೇ ಮತ್ತೆ ಕೊಟ್ಟಿತು. (ಮಿಲೊಶೆವಿಚ್ ಬಾಯಿ ಮುಚ್ಚಿಸಲು ನೋಡಿದ ಬಿ92ರಲ್ಲಿ ಇಂದು ಹಳೆಯದಾಗಿ ಉಳಿದಿರುವುದು ಹೆಸರು, ಒಡೆತನ ಕೈ ಬದಲಿಸಿದೆ.) 2024ರ ನವೆಂಬರ್‌ನಲ್ಲಿ ಪರಿಷತ್ತಿನ ಅವಧಿ ಮುಗಿದ ಮೇಲೆ ತಿಂಗಳುಗಟ್ಟಲೆ ಕುರ್ಚಿಗಳು ಖಾಲಿ ಬಿದ್ದವು. ಅದೇ ನವೆಂಬರ್ 1ರಂದು ನೊವಿ ಸಾದ್ ರೈಲು ನಿಲ್ದಾಣದ ಚಾವಣಿ ಕುಸಿದು 16 ಜೀವ ಹೋಯಿತು. ಅಲ್ಲಿಂದ ಹೊತ್ತಿದ ವಿದ್ಯಾರ್ಥಿ ಚಳವಳಿ 2025ರ ಏಪ್ರಿಲ್‌ನಲ್ಲಿ ಆರ್‌ಟಿಎಸ್ ಕಟ್ಟಡಕ್ಕೇ ದಿಗ್ಬಂಧನ ಹಾಕಿತು. ಅವರ ಬೇಡಿಕೆಯಲ್ಲಿ ಈ ಪರಿಷತ್ತೂ ಸೇರಿತ್ತು. ಕುತ್ತು ಎಲ್ಲಿಂದ ಬರುತ್ತದೆಂದು ಹುಡುಗರಿಗೆ ಗೊತ್ತಿತ್ತು. ಐರೋಪ್ಯ ಒಕ್ಕೂಟದ ಹಿರಿಯರಿಗೆ ಅಷ್ಟು ಗೊತ್ತಿದ್ದಂತೆ ಕಾಣಲಿಲ್ಲ.

ಮುಂದಿನ ಚುನಾವಣೆಗೆ ವಿದೇಶಿ ವೀಕ್ಷಕರು ಬಂದೇ ಬರುತ್ತಾರೆ. 2023ರ ಡಿಸೆಂಬರ್ ಚುನಾವಣೆಯ ಮಾಧ್ಯಮ ಪಕ್ಷಪಾತದ ಬಗ್ಗೆಯೂ ಅವರು ಬರೆದರು, ಮತದಾನ ಮುಗಿದ ಮೇಲೆ. ಈ ಸಲ ಮತಗಟ್ಟೆಗೆ ಹೋಗುವ ಎಷ್ಟೋ ತಿಂಗಳ ಮೊದಲೇ ಅವರು ಆರ್‌ಇಎಂ ಬಾಗಿಲು ತಟ್ಟಲಿ. ಪರಿಷತ್ತಿಗೆ ಸದಸ್ಯರ ಹೆಸರು ಸೂಚಿಸಿದ ಸಂಘಗಳು ನಿಜಕ್ಕೂ ಇದ್ದಂಥವೇ, ಆರ್‌ಟಿಎಸ್ ಮಂಡಳಿಯಲ್ಲಿ ಯಾರ ಅವಧಿ ಯಾವಾಗ ಮುಗಿಯುತ್ತದೆ, ಪರವಾನಗಿ ನಿಯಮ ಮುರಿದ ವಾಹಿನಿಗೆ ಕೊನೆಯ ಸಲ ದಂಡ ಬಿದ್ದದ್ದು ಯಾವಾಗ ಎಂದು ಕೇಳಲಿ. ಉತ್ತರ ಬರುವುದು ತಡವಾದರೆ ಆ ವಿಳಂಬವನ್ನೂ ವರದಿಯಲ್ಲಿ ಬರೆಯಲಿ, ಚುನಾವಣಾ ದಿನಾಂಕ ಗೊತ್ತಾಗುವ ಮೊದಲೇ ಪ್ರಕಟಿಸಲಿ.